ಶನಿವಾರದ ಚರ್ಚೆಯ ಕೀಲಿ ಇನ್ನೊಬ್ಬರ ಕೈಗೆ ಕೊಡುವಾಗ

ಧಾರವಾಡದಲ್ಲಿ ಎಂ.ಎ. ಓದುವಾಗ ಎರಡು ವರ್ಷ ಶನಿವಾರದ ಚರ್ಚೆ ನಡೆಸಿದೆ. ನಡೆಸುವವರು ವಿದ್ಯಾರ್ಥಿಗಳಾದರೂ ಬರುವವರಲ್ಲಿ ಸಪ್ತಾಪುರದ ಕೋಚಿಂಗ್ ಹುಡುಗರು, ನಿವೃತ್ತ ಮಾಸ್ತರರು, ಒಬ್ಬ ಆಟೋ ಚಾಲಕರು ಎಲ್ಲರೂ ಇದ್ದರು. ಕೊನೆಯ ಸೆಮಿಸ್ಟರಿನಲ್ಲಿ ಬಿಟ್ಟೆ. ಮೊದಲ ಸಲ ಬಿಟ್ಟದ್ದು ತೀರಾ ಕೆಟ್ಟದಾಗಿ.

ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಉದ್ದನೆಯ ವಿದಾಯ ಬರೆದು ಮಲಗಿದೆ. ಬೆಳಿಗ್ಗೆ ನೋಡಿದರೆ ಸಾಲುಸಾಲು ಕೈಮುಗಿದ ಇಮೋಜಿ. 'ನಾ ಮಾಡ್ತೀನ್ರಿ' ಅಂದವರು ಒಬ್ಬರೂ ಇಲ್ಲ. ಮೂರು ಶನಿವಾರ ಬಾಗಿಲೇ ತೆರೆಯಲಿಲ್ಲ, ಮತ್ತೆ ನಾನೇ ಹೋಗಿ ತೆರೆದೆ. ಹಾಗಾಗಿ ಗ್ರೂಪಿಗೆ ಕೊನೆಗೆ ಹೇಳಿ. ಪರೀಕ್ಷೆಗೆ ಒಂದು ಸೆಮಿಸ್ಟರ್ ಮೊದಲೇ ಒಬ್ಬಿಬ್ಬರನ್ನು ಚಹಾಕ್ಕೆ ಕರೆದು ಎದುರಾ ಎದುರು ಕೇಳಿ.

ಯಾರನ್ನು? ಚೆಂದ ಮಾತಾಡುವವರನ್ನಂತೂ ಬೇಡ, ಅವರು ಮಾತಾಡಿಕೊಂಡಿರಲಿ. ಮಹದಾಯಿ ನದಿ ನೀರಿನ ಚರ್ಚೆಯ ದಿನ, 2018ರ ನ್ಯಾಯಮಂಡಳಿ ತೀರ್ಪಿನಲ್ಲಿ ಕರ್ನಾಟಕಕ್ಕೆ ಸಿಕ್ಕ 13.42 ಟಿಎಂಸಿ ಗೆಲುವೋ ಸೋಲೋ ಎಂದು ಇಬ್ಬರು ಎದ್ದು ನಿಂತು ಕೂಗಾಡುತ್ತಿದ್ದರು. ನಾನು 'ಶಾಂತಿ, ಶಾಂತಿ' ಅನ್ನುತ್ತಿದ್ದೆ, ಉಪಯೋಗವಿರಲಿಲ್ಲ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಬೋರ್ಡಿನ ಹತ್ತಿರ ಹೋಗಿ, 'ಅದರಾಗ ಕುಡಿಯೂ ನೀರಿಗೆ ಎಷ್ಟು, ಕರೆಂಟಿಗೆ ಎಷ್ಟು, ಮೊದಲ ಬರಕೊಳ್ಳೂಣ್ರಿ' ಅಂದು ಸುಣ್ಣದ ಕಡ್ಡಿ ಹಿಡಿದಳು. ಇಬ್ಬರೂ ಕೂತರು. ಅಂಥವರು ಸಿಕ್ಕರೆ ಬಿಡಬೇಡಿ. ಎರಡು ಚರ್ಚೆ ಅವರೇ ನಡೆಸಲಿ, ನೀವು ಬಾಗಿಲ ಬಳಿ ಕೂತಿರಿ.

ಆಮೇಲೆ ಒಂದು ನೂರು ಪುಟದ ನೋಟ್‌ಬುಕ್ ಕೊಳ್ಳಿ. ಉದ್ದೇಶ, ಧ್ಯೇಯ ಯಾವುದನ್ನೂ ಅದರಲ್ಲಿ ಬರೆಯಬೇಡಿ. ನನ್ನದರಲ್ಲಿ ಇದ್ದದ್ದು ಇಷ್ಟು: ಹಾಲ್‌ನ ಅರ್ಜಿ ಬುಧವಾರದೊಳಗೆ ಕೊಡಬೇಕು, ಸಹಿ ಮಾಡುವವರು ಶುಕ್ರವಾರ ಸಿಗುವುದಿಲ್ಲ. ವಾಚ್‌ಮನ್ ಎಂಟಕ್ಕೆ ಊಟಕ್ಕೆ ಹೋಗುತ್ತಾರೆ, ಅಷ್ಟರಲ್ಲಿ ಕೀಲಿ ಕೊಡಿ. ಎಡಗಡೆಯ ಮೈಕ್ ತಂತಿ ಸ್ವಲ್ಪ ತಿರುವಿ ಹಿಡಿಯಬೇಕು. ಗಿರಮಿಟ್ ತರಿಸಿದರೆ ಕಾಗದ ಹೆಚ್ಚು ಕೇಳಿ. ಒಬ್ಬ ಮಾಸ್ತರರು ಮೆಸೇಜ್ ನೋಡುವುದಿಲ್ಲ, ಸಂಜೆ ನಾಲ್ಕರ ಮೇಲೆ ಫೋನ್ ಮಾಡಿ.

ಫೋನಿನೊಳಗಿನದು ಬೇರೆ. ಒಬ್ಬರೇ ಅಡ್ಮಿನ್ ಆಗಿದ್ದು ಗ್ರೂಪ್ ಬಿಟ್ಟರೆ ವಾಟ್ಸ್‌ಆ್ಯಪ್ ತನಗೆ ತೋಚಿದವರನ್ನು ಅಡ್ಮಿನ್ ಮಾಡುತ್ತದೆ, ಆದ್ದರಿಂದ ಮೊದಲು ಇಬ್ಬರನ್ನು ಮಾಡಿ. ಗೂಗಲ್ ಡ್ರೈವ್‌ನಲ್ಲಿ ಫೈಲಿನ ಮಾಲೀಕತ್ವ ಬಿಟ್ಟುಕೊಟ್ಟರೂ ಆ ಕಡೆಯವರು ಒಪ್ಪಿಕೊಳ್ಳುವ ತನಕ ಅದು ನಿಮ್ಮದೇ, ಎದುರಿಗೆ ಕೂಡಿಸಿಕೊಂಡು ಒಪ್ಪಿಸಿ. ಚಹಾ ಡಬ್ಬಿಗೆ ಅಂಟಿಸಿದ ಕ್ಯೂಆರ್ ಮರೆತುಬಿಟ್ಟಿದ್ದೆ. ಬಿಟ್ಟ ಮೇಲೂ ಎರಡು ತಿಂಗಳು ಹತ್ತು, ಇಪ್ಪತ್ತು ರೂಪಾಯಿ ನನ್ನ ಖಾತೆಗೇ ಬೀಳುತ್ತಿತ್ತು. ಲೆಕ್ಕ ಹಾಕಿ ವಾಪಸ್ ಕೊಡುವಾಗ ಮುಖ ಕೆಂಪಾಯಿತು.

ಮೊದಲ ತಿಂಗಳು ಆ ಕಡೆ ಸುಳಿಯಬೇಡಿ. ಕೂತಿದ್ದರೆ, ಮಾತು ನಿಂತಾಗೆಲ್ಲ ಎಲ್ಲರ ಕಣ್ಣು ನಿಮ್ಮ ಕಡೆ ತಿರುಗುತ್ತದೆ, ನಿಮ್ಮ ಬಾಯಿಯೂ ಸುಮ್ಮನಿರುವುದಿಲ್ಲ.

ನಾನು ಐದನೇ ವಾರ ಹೋದೆ. ಅಂದು ಸುಣ್ಣದ ಕಡ್ಡಿ ಹಿಡಿದ ಹುಡುಗಿ ಕುರ್ಚಿಗಳನ್ನು ಸಾಲಾಗಿ ಹಾಕದೆ ದುಂಡಗೆ ಹಾಕಿದ್ದಳು. ನನಗೆ ಈಗಲೂ ಅದು ಸರಿ ಅನ್ನಿಸಿಲ್ಲ. ಅವಳಿಗೆ ಹೇಳಿಯೂ ಇಲ್ಲ.