ಜೆರ್ಮಾಟ್‌ನಲ್ಲಿ ಮೂರು ಬೆಳಗುಗಳು: ದೀರ್ಘ ವಾರಾಂತ್ಯವನ್ನು ಯೋಜಿಸುವ ಬಗೆ

ಮ್ಯಾಟರ್‌ಹಾರ್ನ್ ಶಿಖರವನ್ನು ಕಣ್ತುಂಬ ನೋಡಬೇಕೆಂದು ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ಗೆ ಹೋದವರಲ್ಲಿ ಎಷ್ಟೋ ಮಂದಿ ಮೋಡವನ್ನಷ್ಟೇ ನೋಡಿ ಹಿಂದಿರುಗುತ್ತಾರೆ. ನಡುಹಗಲಿಗೆ ರೈಲಿನಿಂದಿಳಿದು, ಮೊದಲೇ ಕೊಂಡಿದ್ದ ಟಿಕೆಟ್ ಹಿಡಿದು ಮೇಲೇರಿ, ಸಂಜೆಯ ರೈಲಿಗೆ ಮರಳುವ ಪ್ರವಾಸದಲ್ಲಿ ಶಿಖರವನ್ನು ನೋಡಲು ಸಿಗುವುದು ಒಂದೇ ಅವಕಾಶ, ಅದೂ ದಿನದ ತಪ್ಪು ಹೊತ್ತಿನಲ್ಲಿ. ಶುಕ್ರವಾರ ತಲುಪಿ ಸೋಮವಾರ ಹೊರಡುವ ದೀರ್ಘ ವಾರಾಂತ್ಯದಲ್ಲಾದರೆ ಮೂರು ಬೆಳಗುಗಳು ಕೈಗೆ ಸಿಗುತ್ತವೆ, ಮತ್ತು ಅವನ್ನು ಹೇಗೆ ಬಳಸಿಕೊಳ್ಳಬೇಕೆಂಬುದೇ ಯೋಜನೆಯ ತಿರುಳು. ನನ್ನ ಸಲಹೆ ಇಷ್ಟು: ರೈಲು ಮತ್ತು ಕೋಣೆಯನ್ನು ಮುಂಚಿತವಾಗಿ ಗಟ್ಟಿ ಮಾಡಿಕೊಳ್ಳಿ, ಆದರೆ ಯಾವ ದಿನ ಯಾವ ಎತ್ತರಕ್ಕೆ ಹೋಗುವುದೆಂಬ ತೀರ್ಮಾನವನ್ನು ಹಿಂದಿನ ರಾತ್ರಿಯವರೆಗೂ ತೆರೆದಿಡಿ.

ಬೆಳಗಿನ ಹೊತ್ತಿಗೇ ಇಷ್ಟು ಬೆಲೆ ಕೊಡುವುದಕ್ಕೆ ಕಾರಣವಿದೆ. 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಊರಿನ ನೈಋತ್ಯಕ್ಕಿದೆ. ಊರಿಗೆ ಕಾಣುವುದು ಅದರ ಪೂರ್ವ ಮತ್ತು ಉತ್ತರದ ಮುಖಗಳು. ಮುಂಜಾನೆಯ ಬಿಸಿಲು ನೇರವಾಗಿ ಪೂರ್ವದ ಮುಖದ ಮೇಲೆ ಬೀಳುತ್ತದೆ, ಮಧ್ಯಾಹ್ನದ ಮೇಲೆ ಸೂರ್ಯನು ಶಿಖರದ ಬೆನ್ನ ಹಿಂದಕ್ಕೆ ಸರಿಯುವುದರಿಂದ ಅದು ಕಪ್ಪು ನೆರಳಿನಂತೆ ಕಾಣುತ್ತದೆ. ಇದರ ಜೊತೆಗೆ, ಬೇಸಿಗೆಯಲ್ಲಿ ಕಣಿವೆಯ ಗಾಳಿ ಬಿಸಿಯೇರಿ ಮೇಲಕ್ಕೆ ಹರಿದಂತೆ ಶಿಖರಗಳ ಸುತ್ತ ಮೋಡ ಕಟ್ಟುತ್ತದೆ, ಸಂಜೆಯ ಹೊತ್ತಿಗೆ ಗುಡುಗು ಮಳೆಯೂ ಬರಬಹುದು. ಆದ್ದರಿಂದ ಎತ್ತರದ ಜಾಗಗಳನ್ನೆಲ್ಲ ಹನ್ನೆರಡು ಗಂಟೆಯೊಳಗೆ ಮುಗಿಸಿ, ಮಧ್ಯಾಹ್ನವನ್ನು ಕೆಳಗಿನ ದಾರಿಗಳಿಗೆ ಮತ್ತು ಊರಿಗೆ ಮೀಸಲಿಡುವುದು ಲೇಸು.

ಯಾವ ತಿಂಗಳು ಹೋಗಬೇಕೆಂಬುದು ಏನು ಮಾಡಬೇಕೆಂಬುದರ ಮೇಲೆ ನಿಂತಿದೆ. ಕಾಲ್ನಡಿಗೆಗೆ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಕಾಲ ಸೂಕ್ತ. ಜೂನ್‌ನಲ್ಲಿ ಎತ್ತರದ ಕೆರೆಗಳು ಇನ್ನೂ ಹಿಮದಡಿಯಲ್ಲಿರುವುದುಂಟು. ಅಕ್ಟೋಬರ್‌ನಲ್ಲಿ ಲಾರ್ಚ್ ಮರಗಳ ಸೂಜಿಯೆಲೆಗಳು ಉದುರುವ ಮುನ್ನ ಹೊನ್ನಿನ ಬಣ್ಣಕ್ಕೆ ತಿರುಗುತ್ತವೆ. ನನ್ನ ಮಟ್ಟಿಗೆ ಇಡೀ ವರ್ಷದಲ್ಲಿ ಅದಕ್ಕಿಂತ ಚೆಲುವಾದ ಹೊತ್ತಿಲ್ಲ. ಏಪ್ರಿಲ್ ಕೊನೆಯಿಂದ ಮೇವರೆಗೆ ಮತ್ತು ನವೆಂಬರ್‌ನಲ್ಲಿ, ಎರಡು ಋತುಗಳ ನಡುವಿನ ಬಿಡುವಿನಲ್ಲಿ, ಅನೇಕ ಹೋಟೆಲುಗಳು ಬಾಗಿಲು ಹಾಕುತ್ತವೆ ಮತ್ತು ಕೇಬಲ್ ಕಾರ್‌ಗಳು ದುರಸ್ತಿಗಾಗಿ ಸರದಿಯಂತೆ ನಿಲ್ಲುತ್ತವೆ. ಆ ದಿನಗಳಲ್ಲಿ ಕೋಣೆ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಯಾವ ಮಾರ್ಗ ಓಡುತ್ತಿದೆ, ಯಾವುದು ನಿಂತಿದೆ ಎಂದು ನೋಡಿಕೊಳ್ಳಬೇಕು.

ಜೆರ್ಮಾಟ್‌ಗೆ ಕಾರಿನಲ್ಲಿ ಹೋಗಲಾಗುವುದಿಲ್ಲ. ಊರೊಳಗೆ ಓಡಾಡುವುದು ಪುಟ್ಟ ವಿದ್ಯುತ್ ವಾಹನಗಳು ಮತ್ತು ಕುದುರೆ ಗಾಡಿಗಳು ಮಾತ್ರ. ಕಾರಿನಲ್ಲಿ ಬಂದವರು ಐದು ಕಿಲೋಮೀಟರ್ ಹಿಂದಿರುವ ಟ್ಯಾಶ್ ಎಂಬಲ್ಲಿ ವಾಹನ ನಿಲ್ಲಿಸಿ, ಅಲ್ಲಿಂದ ಹನ್ನೆರಡು ನಿಮಿಷದ ರೈಲು ಹಿಡಿಯಬೇಕು. ರೈಲಿನಲ್ಲಿ ಬರುವವರು ಜ್ಯೂರಿಕ್ ವಿಮಾನ ನಿಲ್ದಾಣದಿಂದ ಸುಮಾರು ಮೂರೂವರೆ ಗಂಟೆ, ಜಿನೀವಾ ವಿಮಾನ ನಿಲ್ದಾಣದಿಂದ ಸುಮಾರು ನಾಲ್ಕು ಗಂಟೆ ಲೆಕ್ಕ ಹಾಕಿಕೊಳ್ಳಬಹುದು. ಎರಡೂ ಕಡೆಯಿಂದ ಬಂದವರು ವಿಸ್ಪ್ ನಿಲ್ದಾಣದಲ್ಲಿ ಇಳಿದು ಕಣಿವೆಯನ್ನೇರುವ ಕಿರಿದಾದ ಹಳಿಯ ಕೆಂಪು ರೈಲಿಗೆ ಬದಲಾಗಬೇಕು. ಅಲ್ಲಿಂದ ಮುಂದಿನದು ಒಂದು ಗಂಟೆಗೆ ತುಸು ಮೀರಿದ ಪಯಣ. ಶುಕ್ರವಾರ ಸಂಜೆ ಕತ್ತಲಾದ ಮೇಲೆ ಈ ಭಾಗವನ್ನು ದಾಟುವುದು ನಷ್ಟ, ಏಕೆಂದರೆ ನದಿಯ ಕೊರಕಲನ್ನು ಅಪ್ಪಿಕೊಂಡು ಸಾಗುವ ಈ ದಾರಿಯೂ ನೋಡತಕ್ಕದ್ದೇ.

ಟಿಕೆಟ್‌ಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ದೇಶದ ರೈಲುಗಳಲ್ಲಿ ಓಡಾಡಲು ಪ್ರವಾಸಿಗರು ಕೊಳ್ಳುವ ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಜೆರ್ಮಾಟ್‌ವರೆಗಿನ ರೈಲಿಗೆ ಬೇರೆ ಹಣ ಕೊಡಬೇಕಾಗಿಲ್ಲ. ಆದರೆ ಅಲ್ಲಿಂದ ಮೇಲಕ್ಕೆ ಹೋಗುವ ಬೆಟ್ಟದ ರೈಲು ಮತ್ತು ಕೇಬಲ್ ಕಾರ್‌ಗಳಿಗೆ ಅದು ಕೊಡುವುದು ಅರ್ಧ ರಿಯಾಯಿತಿಯನ್ನಷ್ಟೇ. ಎಲ್ಲವೂ ಪಾಸಿನಲ್ಲಿ ಸೇರಿದೆಯೆಂದು ನಂಬಿ ಬಂದವರ ಖರ್ಚಿನ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಈ ಮಾರ್ಗಗಳ ದರ ಋತುವಿನ ಪ್ರಕಾರ ಏರಿಳಿಯುತ್ತದೆ, ಬೇಸಿಗೆಯಲ್ಲಿ ಅತಿ ಹೆಚ್ಚು. ಮೂರು ದಿನಗಳ ಪ್ರವಾಸದಲ್ಲಿ ಎರಡು ದೊಡ್ಡ ಏರಿಕೆಗಳು ಸಾಕು. ಮೂರನೆಯದಕ್ಕೆ ಹಣ ಸುರಿಯುವ ಬದಲು ಕಾಲ್ನಡಿಗೆಗೆ ಸಮಯ ಕೊಡಿ.

ಕೋಣೆ ಹುಡುಕುವಾಗ ಊರಿನ ನಕ್ಷೆಯನ್ನು ಒಮ್ಮೆ ನೋಡಿಕೊಂಡರೆ ಮುಂದೆ ಕಾಲೆಳೆಯುವ ಕಷ್ಟ ತಪ್ಪುತ್ತದೆ. ಊರು ಮ್ಯಾಟರ್ ವಿಸ್ಪಾ ನದಿಯುದ್ದಕ್ಕೂ ಉದ್ದವಾಗಿ ಹಬ್ಬಿದೆ. ಗೋರ್ನರ್‌ಗ್ರಾಟ್ ಎಂಬ ಬೆಟ್ಟಕ್ಕೆ ಹೋಗುವ ರೈಲು ಮುಖ್ಯ ನಿಲ್ದಾಣದ ಎದುರಿನಿಂದಲೇ ಹೊರಡುತ್ತದೆ, ಸುನ್ನೆಗ್ಗಾಕ್ಕೆ ಹೋಗುವ ಸುರಂಗ ರೈಲು ನದಿಯಾಚೆ ಕೆಲವೇ ನಿಮಿಷದ ನಡಿಗೆಯಲ್ಲಿದೆ, ಹಿಮದ ನಡುವಿನ ಎತ್ತರದ ನಿಲ್ದಾಣವಾದ ಮ್ಯಾಟರ್‌ಹಾರ್ನ್ ಗ್ಲೇಸಿಯರ್ ಪ್ಯಾರಡೈಸ್‌ಗೆ ಒಯ್ಯುವ ಕೇಬಲ್ ಕಾರ್ ಮಾತ್ರ ಊರಿನ ದಕ್ಷಿಣದ ತುದಿಯಲ್ಲಿದೆ. ಬೇಸಿಗೆಯಲ್ಲಿ ನಿಲ್ದಾಣಕ್ಕೂ ಚರ್ಚಿಗೂ ನಡುವಿನ ಭಾಗ ಅನುಕೂಲ; ಸ್ಕೀಯಿಂಗ್‌ಗೆ ಬರುವವರಿಗೆ, ಭಾರದ ಬೂಟು ತೊಟ್ಟು ನಡೆಯಬೇಕಾದ್ದರಿಂದ, ಕೇಬಲ್ ಕಾರ್‌ಗೆ ಹತ್ತಿರದ ದಕ್ಷಿಣದ ಭಾಗವೇ ವಾಸಿ. ಶಿಖರ ಕಾಣುವ ಕೋಣೆಗೆ ಹೆಚ್ಚಿನ ಹಣ ಕೊಡುವುದಾದರೆ ಕಿಟಕಿಯಿಂದ ಅದು ನಿಜಕ್ಕೂ ಕಾಣುತ್ತದೆಯೇ ಎಂದು ಹೋಟೆಲಿಗೆ ಬರೆದು ಕೇಳಿ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಇಕ್ಕಟ್ಟಾದ ಓಣಿಗಳಲ್ಲಿ ಎದುರಿನ ಮನೆಯ ಮಾಡು ನೋಟವನ್ನು ಮರೆಮಾಡುವುದುಂಟು.

ಶುಕ್ರವಾರ ಎತ್ತರಕ್ಕೆ ಹೋಗಬೇಡಿ. ಇದನ್ನು ನಾನು ಅನುಭವದಿಂದ ಕಲಿತೆ. ಮೊದಲ ಸಲ ಹೋದಾಗ ಆಕಾಶ ತಿಳಿಯಾಗಿದೆಯೆಂಬ ಆತುರದಲ್ಲಿ, ಬಂದ ಕೆಲವೇ ಗಂಟೆಗಳಲ್ಲಿ ಗ್ಲೇಸಿಯರ್ ಪ್ಯಾರಡೈಸ್‌ಗೆ ಹೋದೆ. ಊರಿರುವುದು ಸುಮಾರು 1,600 ಮೀಟರ್ ಎತ್ತರದಲ್ಲಿ, ಆ ನಿಲ್ದಾಣ 3,883 ಮೀಟರ್ ಎತ್ತರದಲ್ಲಿ. ಕೇಬಲ್ ಕಾರ್ ಈ ಅಂತರವನ್ನು ಒಂದು ಗಂಟೆಯೊಳಗೆ ದಾಟಿಸುತ್ತದೆ. ವೀಕ್ಷಣಾ ವೇದಿಕೆಯ ಮೆಟ್ಟಿಲುಗಳ ನಡುವೆ ಕಂಬಿ ಹಿಡಿದು ನಿಲ್ಲಬೇಕಾಯಿತು, ಹಣೆಯ ಎರಡೂ ಬದಿ ಸಿಡಿಯತೊಡಗಿತು, ನೋಟದ ಕಡೆಗೆ ಗಮನವೇ ಹೋಗಲಿಲ್ಲ. ಆ ಎತ್ತರದಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೆಯ ಎರಡು ಭಾಗಕ್ಕಿಂತಲೂ ಕಡಿಮೆ. ಆದ್ದರಿಂದ ಮೊದಲ ಸಂಜೆಯನ್ನು ಹಿಂಟರ್‌ಡೋರ್ಫ್ ಎಂಬ ಹಳೆಯ ಕೇರಿಗೆ ಕೊಡಿ. ಬಿಸಿಲಿಗೆ ಕಪ್ಪಾದ ಲಾರ್ಚ್ ಮರದ ಕಣಜಗಳು ಅಲ್ಲಿ ಮೋಟು ಕಾಲುಗಳ ಮೇಲೆ ನಿಂತಿವೆ. ಪ್ರತಿ ಕಾಲಿಗೂ ಕಣಜಕ್ಕೂ ನಡುವೆ ಬೀಸುವ ಕಲ್ಲಿನಷ್ಟು ಅಗಲದ ಚಪ್ಪಟೆ ಕಲ್ಲೊಂದನ್ನು ಇಟ್ಟಿದ್ದಾರೆ, ಕಾಲನ್ನು ಹತ್ತಿ ಬಂದ ಇಲಿ ಆ ಕಲ್ಲಿನ ಅಂಚನ್ನು ದಾಟಲಾರದು. ನೀರು ಹೆಚ್ಚಾಗಿ ಕುಡಿದು, ಬೇಗ ಮಲಗಿ.

ಶನಿವಾರ ಮತ್ತು ಭಾನುವಾರಗಳಿಗೆ ಎರಡು ಯೋಜನೆಗಳನ್ನು ಸಿದ್ಧವಾಗಿಟ್ಟುಕೊಂಡು, ಹವಾಮಾನ ನೋಡಿ ಅದಲು ಬದಲು ಮಾಡಿಕೊಳ್ಳಬೇಕು. ಮೊದಲನೆಯದು ಗೋರ್ನರ್‌ಗ್ರಾಟ್. 1898ರಲ್ಲಿ ಆರಂಭವಾದ ಈ ಹಲ್ಲುಗಂಬಿಯ ವಿದ್ಯುತ್ ರೈಲು 33 ನಿಮಿಷದಲ್ಲಿ 3,089 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಏರುವಾಗ ಬಲಗಡೆಯ ಕಿಟಕಿ ಹಿಡಿಯಿರಿ, ಮ್ಯಾಟರ್‌ಹಾರ್ನ್ ಕಾಣುವುದು ಆ ಕಡೆಗೇ. ಮೇಲೆ ನಿಂತರೆ ಗೋರ್ನರ್ ಹಿಮನದಿಯೂ ಅದರಾಚೆ 4,634 ಮೀಟರ್ ಎತ್ತರದ, ಸ್ವಿಟ್ಜರ್ಲೆಂಡಿನ ಅತ್ಯುನ್ನತ ಶಿಖರವಾದ ಡುಫೂರ್‌ಶ್ಪಿಟ್ಸೆಯೂ ಎದುರಿಗಿರುತ್ತವೆ. ಮರಳುವಾಗ ರೋಟೆನ್‌ಬೋಡೆನ್ ನಿಲ್ದಾಣದಲ್ಲಿ ಇಳಿದು, ಹತ್ತು ನಿಮಿಷ ಕೆಳಗೆ ನಡೆದರೆ ರಿಫೆಲ್‌ಸೀ ಕೆರೆ ಸಿಗುತ್ತದೆ. ಗಾಳಿಯಿಲ್ಲದ ಮುಂಜಾನೆ ಶಿಖರ ಅದರಲ್ಲಿ ತಲೆಕೆಳಗಾಗಿ ಮೂಡುತ್ತದೆ. ಒಂಬತ್ತು ಗಂಟೆ ದಾಟಿ ಗಾಳಿ ಎದ್ದರೆ ಕೆರೆಯ ಮೈ ನಡುಗಿ ಬಿಂಬ ಒಡೆದುಹೋಗುತ್ತದೆ. ಆದ್ದರಿಂದ ಕೆರೆಯನ್ನೇ ಮೊದಲು ನೋಡಿ, ತುದಿಗೆ ಆಮೇಲೆ ಹೋಗುವುದೂ ಒಳ್ಳೆಯ ಕ್ರಮ. ಅಲ್ಲಿಂದ ರಿಫೆಲ್‌ಬೆರ್ಗ್ ನಿಲ್ದಾಣದವರೆಗಿನ ಇಳಿಜಾರು ದಾರಿ ಒಂದು ಗಂಟೆಯೊಳಗಿನದು, ಅಭ್ಯಾಸವಿಲ್ಲದವರೂ ನಡೆಯಬಲ್ಲದ್ದು.

ಎರಡನೆಯದು ಐದು ಕೆರೆಗಳ ದಾರಿ. ಸುರಂಗ ರೈಲು ಸುಮಾರು ಐದು ನಿಮಿಷದಲ್ಲಿ 2,288 ಮೀಟರ್ ಎತ್ತರದ ಸುನ್ನೆಗ್ಗಾಕ್ಕೆ ತಲುಪಿಸುತ್ತದೆ, ಅಲ್ಲಿಂದ ತಂತಿಯ ಮೇಲೆ ಸಾಗುವ ತೊಟ್ಟಿಲು ಹತ್ತಿ ಬ್ಲೌಹೆರ್ಡ್‌ಗೆ ಹೋಗಿ ನಡಿಗೆ ಆರಂಭಿಸಬೇಕು. ಮೊದಲು ಸಿಗುವ ಸ್ಟೆಲ್ಲಿಸೀ ಕೆರೆಯೇ ಬಿಂಬಕ್ಕೆ ಹೆಸರಾದದ್ದು. ಆಮೇಲಿನವು ಗ್ರಿಂಡ್ಯಿಸೀ, ಗ್ರ್ಯೂನ್‌ಸೀ, ಮೋಸ್ಯಿಸೀ ಮತ್ತು ಲೈಸೀ. ದಾರಿ ಬಹುತೇಕ ಇಳಿಜಾರೆಂದು ಎಲ್ಲರೂ ಹೇಳುತ್ತಾರೆ, ಆದರೆ ಕೊನೆಯಲ್ಲಿ ಲೈಸೀ ಕಡೆಗೆ ಒಂದು ಏರು ಕಾದಿರುತ್ತದೆ; ದಣಿದ ಕಾಲಿಗೆ ಅದು ಭಾರವಾಗುವುದರಿಂದ ನೀರನ್ನೂ ತಿಂಡಿಯನ್ನೂ ಆ ಹೊತ್ತಿಗೆಂದು ಉಳಿಸಿಕೊಂಡಿರಬೇಕು. ದಾರಿಯ ಹಳದಿ ಫಲಕಗಳಲ್ಲಿ ಬರೆದಿರುವ ಸಮಯದಲ್ಲಿ ವಿಶ್ರಾಂತಿ ಸೇರಿರುವುದಿಲ್ಲ. ಎರಡೂವರೆ ಗಂಟೆಯೆಂದಿದ್ದರೆ, ಚಿತ್ರ ತೆಗೆಯುತ್ತ ಕೂತು ಏಳುವವರು ನಾಲ್ಕು ಗಂಟೆ ಹಿಡಿಯಬೇಕು, ಮತ್ತು ಇಳಿಯುವ ಕೊನೆಯ ರೈಲಿನ ಸಮಯವನ್ನು ಹೊರಡುವಾಗಲೇ ಬರೆದಿಟ್ಟುಕೊಳ್ಳಬೇಕು. ಬಿಳಿ-ಕೆಂಪು-ಬಿಳಿ ಪಟ್ಟೆ ಬಳಿದ ದಾರಿ ಗಟ್ಟಿ ಬೂಟಿದ್ದವರಿಗೆ. ಬಿಳಿ-ನೀಲಿ-ಬಿಳಿ ಪಟ್ಟೆಯ ದಾರಿ ಪರ್ವತಾರೋಹಣದ ಅನುಭವವಿದ್ದವರಿಗೆ ಮಾತ್ರ.

ಗ್ಲೇಸಿಯರ್ ಪ್ಯಾರಡೈಸ್ ನೋಡಲೇಬೇಕೆಂದಿದ್ದರೆ ಗೋರ್ನರ್‌ಗ್ರಾಟ್ ಮುಗಿದ ಮರುದಿನ ಹೋಗಿ. ಆ ವೇಳೆಗೆ ದೇಹ ಎತ್ತರಕ್ಕೆ ಸ್ವಲ್ಪ ಹೊಂದಿಕೊಂಡಿರುತ್ತದೆ. ಸಾಮಾನ್ಯವಾಗಿ ಪ್ರತಿ ಸಾವಿರ ಮೀಟರ್‌ಗೆ ಉಷ್ಣಾಂಶ ಆರೂವರೆ ಡಿಗ್ರಿಯಷ್ಟು ಇಳಿಯುವುದರಿಂದ, ಊರಿನಲ್ಲಿ 18 ಡಿಗ್ರಿ ಇರುವಾಗ ಅಲ್ಲಿ ಮೂರು ನಾಲ್ಕು ಡಿಗ್ರಿ ಇರುತ್ತದೆ, ಗಾಳಿ ಸೇರಿದರೆ ಇನ್ನೂ ಕೊರೆಯುತ್ತದೆ. ಉಣ್ಣೆಯ ಟೋಪಿ, ಕೈಗವಸು ಮತ್ತು ಗಾಳಿ ತಡೆಯುವ ಜಾಕೆಟ್ ಆಗಸ್ಟ್‌ನಲ್ಲೂ ಬೇಕು. ಹಿಮದ ಮೇಲಿನ ಬಿಸಿಲು ಕಣ್ಣನ್ನೂ ಚರ್ಮವನ್ನೂ ಸುಡುವುದರಿಂದ ತಂಪು ಕನ್ನಡಕ ಮತ್ತು ಸನ್‌ಸ್ಕ್ರೀನ್ ಮರೆಯುವಂತಿಲ್ಲ. ಹೃದಯ ಅಥವಾ ಶ್ವಾಸಕೋಶದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಹೋಗಬಾರದು. ತಲೆನೋವಿನೊಡನೆ ವಾಕರಿಕೆ ಬಂದರೆ ಕಾಯುತ್ತ ಕೂರದೆ ಮುಂದಿನ ಕೇಬಲ್ ಕಾರ್‌ನಲ್ಲೇ ಇಳಿಯಬೇಕು. ಪ್ರಯಾಣ ವಿಮೆಯಲ್ಲಿ ಹೆಲಿಕಾಪ್ಟರ್ ರಕ್ಷಣೆಯ ವೆಚ್ಚ ಸೇರಿದೆಯೇ ಎಂದು ಹೊರಡುವ ಮುನ್ನವೇ ಓದಿಕೊಂಡು, ತುರ್ತು ಸಂಖ್ಯೆ 144ನ್ನು ಫೋನಿನಲ್ಲಿ ಇಟ್ಟುಕೊಳ್ಳಿ.

ಪ್ರತಿ ಬೆಳಗ್ಗೆ ಟಿಕೆಟ್ ಕೊಳ್ಳುವ ಮೊದಲು ಮೇಲಿನ ನಿಲ್ದಾಣಗಳ ನೇರ ಕ್ಯಾಮೆರಾ ಚಿತ್ರಗಳನ್ನು ಫೋನಿನಲ್ಲಿ ನೋಡುವುದು ಅತ್ಯಂತ ಉಪಯುಕ್ತವಾದ ಅಭ್ಯಾಸ. ಊರು ಮಂಜಿನಲ್ಲಿ ಮುಳುಗಿದ್ದರೂ ಮೇಲೆ ಬಿಸಿಲಿರಬಹುದು. ಊರಿನಲ್ಲಿ ಬಿಸಿಲಿದ್ದರೂ ಗಾಳಿಯ ರಭಸಕ್ಕೆ ಕೇಬಲ್ ಕಾರ್ ನಿಂತಿರಬಹುದು. ಇಡೀ ದಿನ ಮಳೆಯೆಂದು ಖಚಿತವಾದರೆ ಚರ್ಚಿನ ಬಳಿ ನೆಲದಡಿಯಲ್ಲಿರುವ ಮ್ಯಾಟರ್‌ಹಾರ್ನ್ ವಸ್ತುಸಂಗ್ರಹಾಲಯಕ್ಕೆ ಹೋಗಿ. 1865ರ ಜುಲೈ 14ರಂದು ಇಂಗ್ಲಿಷ್ ಪರ್ವತಾರೋಹಿ ಎಡ್ವರ್ಡ್ ವಿಂಪರ್ ಸೇರಿ ಏಳು ಮಂದಿ ಮೊದಲ ಬಾರಿ ಶಿಖರ ಮುಟ್ಟಿದರು; ಇಳಿಯುವಾಗ ಒಬ್ಬರು ಜಾರಿ, ಹಗ್ಗ ತುಂಡಾಗಿ, ನಾಲ್ವರು ಸತ್ತರು. ಆ ಹಗ್ಗ ಗಾಜಿನ ಪೆಟ್ಟಿಗೆಯಲ್ಲಿದೆ. ಅದರ ತುದಿಯಲ್ಲಿ ಬಿಚ್ಚಿಕೊಂಡ ಎಳೆಗಳನ್ನು ನೋಡಿದಾಗ ಏಳು ಜನರ ಜೀವಕ್ಕೆ ಇಷ್ಟು ತೆಳುವಾದ ಹಗ್ಗವೇ ಎಂದು ಎದೆ ಝಲ್ಲೆನ್ನುತ್ತದೆ.

ಚಳಿಗಾಲಕ್ಕೆ ಬೇರೆಯದೇ ಲೆಕ್ಕ. ಸ್ಕೀ ಪಾಠ ಮತ್ತು ಸಲಕರಣೆಗಳ ಬಾಡಿಗೆಯನ್ನು ವಾರಗಳ ಮೊದಲೇ ಕಾಯ್ದಿರಿಸಬೇಕು, ಹಿಮಕುಸಿತದ ಅಪಾಯವನ್ನು ಒಂದರಿಂದ ಐದರವರೆಗಿನ ಮಟ್ಟದಲ್ಲಿ ತಿಳಿಸುವ ಪ್ರಕಟಣೆಯನ್ನು ದಿನವೂ ಓದಬೇಕು, ಗುರುತು ಹಾಕಿದ ಇಳಿಜಾರುಗಳನ್ನು ಬಿಟ್ಟು ಹೋಗಬಾರದು. 2018ರ ಜನವರಿಯಲ್ಲಿ ಭಾರಿ ಹಿಮಪಾತದಿಂದ ರಸ್ತೆ ಮತ್ತು ರೈಲು ಮುಚ್ಚಿ ಸಾವಿರಾರು ಪ್ರವಾಸಿಗರು ಊರಿನಲ್ಲೇ ಉಳಿಯಬೇಕಾಯಿತು. 2024ರ ಜೂನ್‌ನಲ್ಲಿ ನೆರೆಯಿಂದ ರೈಲು ಮಾರ್ಗ ಕಡಿದುಹೋಗಿತ್ತು. ಕಣಿವೆಗೆ ಇರುವುದು ಒಂದೇ ಬಾಗಿಲಾದ್ದರಿಂದ, ಸೋಮವಾರ ಸಂಜೆಯ ವಿಮಾನಕ್ಕೆ ಬೆಳಗಿನ ಕೊನೆಯ ಕ್ಷಣದ ರೈಲನ್ನು ನಂಬಬೇಡಿ. ಸಾಧ್ಯವಾದರೆ ವಿಮಾನವನ್ನು ಮಂಗಳವಾರಕ್ಕಿಡಿ, ಅಥವಾ ಮೂರು ನಾಲ್ಕು ಗಂಟೆಗಳ ಬಿಡುವಿಟ್ಟು ಹೊರಡಿ.

ಹಾಗೆ ಹೊರಡುವವರಿಗೂ ಸೋಮವಾರದ ನಸುಕು ಉಳಿದೇ ಇರುತ್ತದೆ. ಪೆಟ್ಟಿಗೆಯನ್ನು ರಾತ್ರಿಯೇ ಕಟ್ಟಿಟ್ಟು, ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ಚರ್ಚಿನ ಬಳಿಯ ಸೇತುವೆಗೆ ಹೋಗಿ, ನೈಋತ್ಯಕ್ಕೆ ಮುಖ ಮಾಡಿ ನಿಲ್ಲಿ. ಕಣಿವೆಯಲ್ಲಿ ಇನ್ನೂ ಕತ್ತಲಿರುವಾಗಲೇ ಶಿಖರದ ತುದಿಗೆ ಉಗುರಿನಷ್ಟು ಅಗಲದ ಕಿತ್ತಳೆ ಬೆಳಕು ತಾಗುತ್ತದೆ, ಮತ್ತು ಕಣ್ಣೆದುರಿಗೇ ಬಂಡೆಯ ಮೈಮೇಲೆ ಕೆಳಕೆಳಗೆ ಇಳಿಯುತ್ತ ಬರುತ್ತದೆ. ಕೆಲವೇ ನಿಮಿಷಗಳಲ್ಲಿ ಬಣ್ಣ ತಿಳಿಹಳದಿಯಾಗುತ್ತದೆ. ಅಲ್ಲಿಂದ ನಿಲ್ದಾಣಕ್ಕೆ ಕಾಲ್ನಡಿಗೆಯಲ್ಲಿ ಹತ್ತು ನಿಮಿಷ.