ಟ್ಯಾಂಗೊಗೆ ಬಾಸ್ ಹಿಡಿದು ನಿಂತ ಎಂಟು ತಿಂಗಳು

ನಾನು ನುಡಿಸುವುದು ಡಬಲ್ ಬಾಸ್. ಆಳೆತ್ತರದ ಪಿಟೀಲು ಅಂದರೆ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಜಾಜ್ ನುಡಿಸಿದೆ. ಹೆಚ್ಚಾಗಿ ಹೋಟೆಲುಗಳಲ್ಲಿ, ಜನ ಊಟ ಮಾಡುತ್ತಿರುವಾಗ. 2018ರಲ್ಲಿ ಎಂಟು ತಿಂಗಳು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿದ್ದೆ, ಟ್ಯಾಂಗೊ ಎಂಬ ನೃತ್ಯಸಂಗೀತದ ಊರಲ್ಲಿ. ಹೋಗುವಾಗ ತಲೆಯಲ್ಲಿದ್ದ ಲೆಕ್ಕ ಸುಲಭದ್ದು. ಹಳೇ ಟ್ಯಾಂಗೊ ಒಂದನ್ನು ತಗೊಳ್ಳೋದು, ಅದಕ್ಕೆ ಜಾಜ್ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಹಾಕೋದು, ನಡುವೆ ಸೋಲೋಗೆ ಜಾಗ ಬಿಡೋದು. ಹೊಸ ಕಾಲದ ಟ್ಯಾಂಗೊ ರೆಡಿ!

ಮೊದಲ ರಿಹರ್ಸಲ್‌ನಲ್ಲೇ ಲೆಕ್ಕ ತಪ್ಪಿತು.

ಅಲ್ಮಾಗ್ರೋ ಬಡಾವಣೆಯಲ್ಲಿ ಒಂದು ಮಹಡಿ ಕೋಣೆ. ಪಿಯಾನೋ, ವಯಲಿನ್, ಎಲೆಕ್ಟ್ರಿಕ್ ಗಿಟಾರ್, ಬಂದೋನಿಯೋನ್, ನಾನು. ಹೊಸ ಬಗೆಯ ಟ್ಯಾಂಗೊಗೆ ಹೆಸರಾದ ಆಸ್ಟರ್ ಪಿಯಾಸೊಲಾ 1960ರಲ್ಲಿ ಕಟ್ಟಿದ ಐವರ ತಂಡದಲ್ಲೂ ಇವೇ ವಾದ್ಯಗಳಿದ್ದವು. ಜೊತೆಗೆ ನನ್ನ ಆಸೆಗಾಗಿ ಒಬ್ಬ ಡ್ರಮ್ಮರ್‌ನನ್ನೂ ಕರೆದಿದ್ದರು. ಬಂದೋನಿಯೋನ್ ನೋಡದವರಿಗೆ ಒಂದು ಮಾತು. ನಮ್ಮ ಹಾರ್ಮೋನಿಯಂ ಥರಾನೇ ತಿದಿ, ಗಾಳಿ, ರೀಡು. ಆದರೆ ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಗ್ಗಿಸುತ್ತಾರೆ. 71 ಗುಂಡಿಗಳು. ಒಂದೇ ಗುಂಡಿ ತಿದಿ ಹಿಗ್ಗುವಾಗ ಒಂದು ಸ್ವರ ಕೊಡುತ್ತದೆ, ಕುಗ್ಗುವಾಗ ಬೇರೆಯದು. ಹುಟ್ಟಿದ್ದು ಜರ್ಮನಿಯಲ್ಲಿ, ಬಾಳಿದ್ದು ಬ್ಯೂನಸ್ ಐರಿಸ್‌ನಲ್ಲಿ.

ನಾವು ಆರಿಸಿಕೊಂಡದ್ದು 'ಲೋಸ್ ಮರೆಯಾದೋಸ್'. ಹುವಾನ್ ಕಾರ್ಲೋಸ್ ಕೊಬಿಯಾನ್ 1922ರಲ್ಲಿ ಮಾಡಿದ ರಾಗ. ಎನ್ರಿಕೆ ಕಾದಿಕಾಮೋ ಅದಕ್ಕೆ 1942ರಲ್ಲಿ ಹೊಸ ಸಾಹಿತ್ಯ ಬರೆದರು. ಅದರ ಕಾರ್ಡ್‌ಗಳು ಅರ್ಧರ್ಧ ಸ್ವರ ಜಾರುತ್ತಾ ಹೋಗುತ್ತವೆ. ಜಾಜ್‌ನವರಿಗೆ ಬಾಯಲ್ಲಿ ನೀರು ಬರುವಂಥದ್ದು. ನನ್ನ ಅರೇಂಜ್‌ಮೆಂಟ್, ಅಂದರೆ ಯಾವ ವಾದ್ಯ ಏನು ನುಡಿಸಬೇಕು ಅನ್ನುವುದನ್ನು, ಬೆಂಗಳೂರಿನಲ್ಲೇ ಬರೆದು ತಂದಿದ್ದೆ. ಕೆಳಗೆ ವಾಕಿಂಗ್ ಬಾಸ್, ಡ್ರಮ್ಸ್ ಮೇಲೆ ಬ್ರಶ್, ಎಲ್ಲವೂ ಸ್ವಿಂಗ್‌ನಲ್ಲಿ, ಅಂದರೆ ಜಾಜ್‌ನ ತೂಗುವ ಲಯದಲ್ಲಿ.

ನುಡಿಸಿದೆವು. ಯಾರೂ ತಪ್ಪಲಿಲ್ಲ. ಬಂದೋನಿಯೋನ್‌ನವನು ವಾದ್ಯವನ್ನು ಮೆಲ್ಲಗೆ ಮುಚ್ಚಿ ಕೇಳಿದ, "ಚೆನ್ನಾಗಿದೆ. ಯಾವ ಹೋಟೆಲಿಗೆ?"

ನನ್ನ ಹಿಂದಿನ ಕೆಲಸದ ಬಗ್ಗೆ ಅವನಿಗೆ ಯಾರೂ ಹೇಳಿರಲಿಲ್ಲ.

ಮರುವಾರ ಅವನೇ ನನ್ನನ್ನು ಒಬ್ಬ ಹಿರಿಯ ಬಾಸ್ ವಾದಕರ ಮನೆಗೆ ಕರೆದುಕೊಂಡು ಹೋದ. ಎಲ್ಲರೂ ಅವರನ್ನು ಮಾಯೆಸ್ತ್ರೋ ಅನ್ನುತ್ತಿದ್ದರು. ನನ್ನ ಕಿವಿಗೆ ಅದು ಮೇಷ್ಟ್ರು ಅಂತಲೇ ಕೇಳಿಸಿತು, ಹಾಗೇ ಉಳಿಯಿತು. ಆ ಊರಲ್ಲಿ ಹೆಚ್ಚಾಗಿ ಎಲ್ಲರಿಗೂ ಏಕವಚನವೇ. ಎಪ್ಪತ್ತು ದಾಟಿದವರಿಗೆ 'ನೀನು' ಅನ್ನಲು ನನಗೆ ನಾಲಿಗೆ ಹೊರಳಲೇ ಇಲ್ಲ. ನಾನು ಬಹುವಚನ ಹಾಕಿದಾಗಲೆಲ್ಲ ಅವರು, "ನನ್ನ ಮುದುಕ ಮಾಡಬೇಡ" ಅಂತ ನಗುತ್ತಿದ್ದರು.

ಮೊದಲ ದಿನ ಅವರು ನನ್ನ ಬಾಸ್‌ನ ತಂತಿಗಳನ್ನು ಮುಟ್ಟಿ ನೋಡಿದರು. ಬಾಡಿಗೆ ವಾದ್ಯ ಅದು, ನನ್ನ ಅಭ್ಯಾಸದಂತೆ ತಂತಿಗಳನ್ನು ತೀರಾ ತಗ್ಗಿಸಿಕೊಂಡಿದ್ದೆ. ಬೆರಳಿನಿಂದ ಮೀಟುವವನಿಗೆ ಅದು ಆರಾಮ. ಆದರೆ ಟ್ಯಾಂಗೊದಲ್ಲಿ ಬಾಸ್‌ಗೆ ಕಮಾನೇ ಜಾಸ್ತಿ. ತಂತಿ ತಗ್ಗಿದ್ದರೆ ಕಮಾನು ಒತ್ತಿದ ಕೂಡಲೇ ಅದು ಬೆರಳುಪಟ್ಟಿಗೆ ಬಡಿದು ಗುರ್ ಅನ್ನುತ್ತದೆ. "ಮೇಲೆತ್ತು" ಅಂದರು. ಎತ್ತಿದ ಮೇಲೆ ಎರಡು ವಾರ ಎಡಗೈ ಬೆರಳುಗಳು ಬೆಂದ ಹಾಗಿದ್ದವು.

ಆಮೇಲೆ ಮೂರು ವಾರ ಒಂದೇ ಪಾಠ. ಮಾರ್ಕಾತೋ. ಅಂದರೆ ನಾಲ್ಕು ಎಣಿಕೆಗೆ ನಾಲ್ಕು ಸ್ವರ, ಅಷ್ಟೇ. ಇದೇನು ಮಹಾ ಅನಿಸಿತು ನನಗೆ. ವಾಕಿಂಗ್ ಬಾಸ್‌ನಲ್ಲೂ ಎಣಿಕೆಗೊಂದು ಸ್ವರವೇ. ಆದರೆ ಅಲ್ಲಿ ಒಂದು ಸ್ವರ ಇನ್ನೊಂದರ ಕೈ ಹಿಡಿದು ಮುಂದೆ ಹೋಗುತ್ತದೆ. ಇಲ್ಲಿ ಕಮಾನನ್ನು ಬುಡದ ಹತ್ತಿರ ತಂತಿಗೆ ಕಚ್ಚಿಸಿ, ಸ್ವಲ್ಪವೇ ಎಳೆದು, ತಕ್ಷಣ ನಿಲ್ಲಿಸಬೇಕು. ಒಂದು ಮತ್ತು ಮೂರನೇ ಎಣಿಕೆಗೆ ತೂಕ, ಎರಡು ಮತ್ತು ನಾಲ್ಕಕ್ಕೆ ಕಡಿಮೆ. ಜಾಜ್‌ನಲ್ಲಿ ಎರಡು ಮತ್ತು ನಾಲ್ಕಕ್ಕೆ ಚಿಟಿಕೆ ಹೊಡೆದು ಬೆಳೆದವನು ನಾನು. ಕಾಲು ಒಂದು ಹೇಳುತ್ತಿತ್ತು, ಕೈ ಇನ್ನೊಂದು.

ಹಳೇ ಟ್ಯಾಂಗೊ ಆರ್ಕೆಸ್ಟ್ರಾಗಳಲ್ಲಿ ಸಾಮಾನ್ಯವಾಗಿ ಡ್ರಮ್ಸ್ ಇರುವುದಿಲ್ಲ. ತಾಳದ ಕೆಲಸ ಬಾಸ್ ಮತ್ತು ಪಿಯಾನೋದ ಎಡಗೈಯದ್ದು. ನಾನು ಡ್ರಮ್ಸ್ ಕರೆಸಿ ನನ್ನ ಕೆಲಸವನ್ನು ನಾನೇ ಬೇರೆಯವರಿಗೆ ಕೊಟ್ಟಿದ್ದೆ. 1920ರ ದಶಕದಲ್ಲಿ ಲಿಯೊಪೋಲ್ದೋ ಥಾಂಪ್ಸನ್ ಎಂಬ ಕರಿಯ ವಾದಕ ಬಾಸ್ ತಂತಿಗಳಿಗೆ ಕಮಾನಿನಿಂದ ಬಡಿದು, ಮರದ ಒಡಲಿಗೆ ಅಂಗೈಯಿಂದ ತಟ್ಟಿ, ಅದರಲ್ಲೇ ಡೋಲು ಹುಡುಕಿದ್ದ. ಅದಕ್ಕೆ ಕಾನ್ಯೆಂಗೆ ಅನ್ನುತ್ತಾರೆ. ಮೇಷ್ಟ್ರು ತೋರಿಸಿದಾಗ, ಡ್ರಮ್ಮರ್‌ಗೆ ಏನಂತ ಹೇಳಿ ಕಳಿಸೋದು ಅಂತ ಯೋಚನೆ ಶುರುವಾಯಿತು.

ನಿಜವಾಗಿ ನನ್ನನ್ನು ಕಾಡಿದ್ದು ಅರ್ರಾಸ್ತ್ರೆ. ಎಳೆತ ಅನ್ನೋಣ. ಹೊಸ ಆವರ್ತದ ಒಂದನೇ ಎಣಿಕೆಗೆ 'ಲಾ' ಸ್ವರ ಬರಬೇಕು ಅಂತಿಟ್ಟುಕೊಳ್ಳಿ. ಜಾಜ್‌ನವನು ಸಮಕ್ಕೆ ಸರಿಯಾಗಿ ಲಾ ಮೀಟುತ್ತಾನೆ. ಇಲ್ಲಿ ಅರ್ಧ ಎಣಿಕೆ ಮೊದಲೇ ಕಮಾನು ಹೊರಡುತ್ತದೆ. ಅತಿ ದಪ್ಪನೆಯ ಮಿ ತಂತಿಯ ಮೇಲೆ, ಎರಡು ಮೂರು ಅರ್ಧಸ್ವರ ಕೆಳಗಿನಿಂದ. ಆಗ ಇನ್ನೂ ಸ್ವರವೇ ಅಲ್ಲ, ಬರೀ ಗೊರಗೊರ. ಬೆರಳು ಮೇಲೆ ಜಾರುತ್ತಾ ಹೋದ ಹಾಗೆ ಕಮಾನಿನ ಭಾರ ಏರುತ್ತದೆ. ಲಾ ಮುಟ್ಟಿದ ಕ್ಷಣವೇ ಕತ್ತರಿಸಬೇಕು. ಭಾರವಾದ ಮಂಚವನ್ನು ನೆಲದ ಮೇಲೆ ಎಳೆದು ಗೋಡೆಗೆ ಧಡ್ ಅಂತ ತಾಗಿಸಿದ ಹಾಗೆ.

ನಾನು ಎಳೆದದ್ದೆಲ್ಲ ತೀರಾ ಶುದ್ಧವಾಗಿ ಕೇಳುತ್ತಿತ್ತು. ಮೇಷ್ಟ್ರು ಒಂದೇ ಪದ ಹೇಳುತ್ತಿದ್ದರು, "ಮುಗ್ರೆ, ಮುಗ್ರೆ." ಮುಗ್ರೆ ಅಂದರೆ ಕೊಳೆ. ನಾದದಲ್ಲಿ ಕೊಳೆ ಬೇಕು. ಹನ್ನೆರಡು ವರ್ಷ ತೊಳೆದು ತೊಳೆದು ಇಟ್ಟುಕೊಂಡ ನಾದಕ್ಕೆ ಮತ್ತೆ ಕೊಳೆ ಹಚ್ಚುವುದು ಸುಮ್ನೆ ಬರುವುದಿಲ್ಲ.

ಎಳೆತ ಕೈಗೆ ಬಂದ ಮೇಲೆ ಪಿಯಾನೋ ವಾದಕ, ಆರ್ಕೆಸ್ಟ್ರಾ ನಾಯಕ ಒಸ್ವಾಲ್ದೋ ಪುಗ್ಲಿಯೆಸೆ ಅವರ 1946ರ 'ಲಾ ಯುಂಬಾ' ಕೊಟ್ಟರು. ಬರೆಯುವುದು ಯುಂಬಾ, ಆ ಊರಿನ ಬಾಯಲ್ಲಿ ಅದು ಶುಂಬಾ. ಒಂದು ಮತ್ತು ಮೂರಕ್ಕೆ ಎಳೆದು 'ಶುಂ', ಎರಡು ಮತ್ತು ನಾಲ್ಕಕ್ಕೆ ಪಿಯಾನೋದ ತಳದಲ್ಲಿ ಮಂಕಾದ ಒಂದು 'ಬಾ'. ಟಿಕ್ ಟಿಕ್ ಅಂತ ಕಾಲ ಎಣಿಸುವ ಮೆಟ್ರೋನೋಮ್ ಹಾಕಿಕೊಂಡು ಅಭ್ಯಾಸ ಮಾಡಲು ಹೋದೆ. ಎರಡು ಸಾಲಿಗೇ ಇಬ್ಬರಿಗೂ ಜಗಳ. ಈ ಸಂಗೀತದ ಕಾಲ ಉಸಿರಾಡುತ್ತದೆ. ಸಾಲಿನ ಕೊನೆಗೆ ಎಲ್ಲರೂ ಸೇರಿ ತಡೆಯುತ್ತಾರೆ, ಮತ್ತೆ ಸೇರಿಯೇ ನುಗ್ಗುತ್ತಾರೆ. ಜಾಜ್‌ನಲ್ಲಿ ಸೋಲೋ ನುಡಿಸುವವನು ಎಷ್ಟೇ ಹಿಂದೆ ಮುಂದೆ ಆಡಲಿ, ಕೆಳಗಿನ ಕಾಲ ಅಲುಗಬಾರದು ಅನ್ನುವುದು ನಮ್ಮ ಮೊದಲ ಪಾಠ. ಇಲ್ಲಿ ನೆಲವೇ ಜೊತೆಗೆ ಅಲುಗುತ್ತದೆ.

3-3-2 ಮಾತ್ರ ನನಗೆ ಪುಕ್ಕಟೆ ಸಿಕ್ಕಿತು. ಎಂಟು ಚಿಕ್ಕ ಎಣಿಕೆಗಳನ್ನು ಮೂರು, ಮೂರು, ಎರಡಾಗಿ ಒಡೆಯುವುದು. ಹಳ್ಳಿಗಾಡಿನ ಮಿಲೋಂಗಾ ಹಾಡುಗಳಲ್ಲೇ ಇದ್ದ ನಡೆ, ಪಿಯಾಸೊಲಾ ಅದನ್ನು ತಮ್ಮ ಗುರುತೇ ಮಾಡಿಕೊಂಡರು. ನಾನು ಬಾಯಲ್ಲಿ "ತಕಿಟ ತಕಿಟ ತಕ" ಅಂದುಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ವಯಲಿನ್ ಹುಡುಗಿ ಇದೇನು ಮಂತ್ರ ಅಂತ ಕೇಳಿದಳು. ಒಂದು ವಾರದಲ್ಲಿ ತಂಡವೆಲ್ಲ ತಕಿಟ ಅನ್ನುತ್ತಿತ್ತು.

ಹಾಗಾದರೆ ಜಾಜ್ ಎಲ್ಲಿ ಹೋಯಿತು? ಇದೇ ಪ್ರಶ್ನೆಯನ್ನು ಮೇಷ್ಟ್ರಿಗೂ ಕೇಳಿದೆ. ಅವರು ನನ್ನನ್ನು ಕೂರಿಸಿ ಪಿಯಾಸೊಲಾ ಕಥೆ ಹೇಳಿದರು. ಬಾಲ್ಯ ನ್ಯೂಯಾರ್ಕ್‌ನಲ್ಲಿ, ಜಾಜ್ ಕಿವಿಯ ಪಕ್ಕದಲ್ಲೇ. ಆದರೆ 1939ರಿಂದ ಅನೀಬಲ್ ತ್ರೊಯಿಲೋ ಆರ್ಕೆಸ್ಟ್ರಾದಲ್ಲಿ ಕೂತು ನೃತ್ಯಕ್ಕೆ ನುಡಿಸಿದ್ದರು. ಆಮೇಲೆ ಪ್ಯಾರಿಸ್‌ನಲ್ಲಿ ಹೆಸರಾಂತ ಸಂಗೀತ ಶಿಕ್ಷಕಿ ನಾದಿಯಾ ಬುಲಾಂಜೆ ಹತ್ತಿರ ಪಾಠ. 1955ರಲ್ಲಿ ಎಂಟು ಜನರ ತಂಡ ಕಟ್ಟಿ ಅದರೊಳಗೆ ಎಲೆಕ್ಟ್ರಿಕ್ ಗಿಟಾರ್ ತಂದರು. ಗಿಟಾರಿಗ ಒರಾಸಿಯೋ ಮಾಲ್ವಿಸಿನೋ ಜಾಜ್‌ನವರು, ಅವರಿಗೆ ಮನೋಧರ್ಮಕ್ಕೆ ಜಾಗ ಇತ್ತು. ಇದು ಟ್ಯಾಂಗೊನೇ ಅಲ್ಲ ಅಂತ ಹಳಬರು ಸಿಟ್ಟಾದರು. ನನಗೆ ಕೇಳಿಸಿದ್ದು ಬೇರೆ. ಗಿಟಾರ್ ಎಲ್ಲಿಗಾದರೂ ಹಾರಲಿ, ಕೆಳಗಿನ ಎಳೆತ ಟ್ಯಾಂಗೊದ್ದೇ. ಪಿಯಾಸೊಲಾ ಅವರ ಐವರ ತಂಡದಲ್ಲಿ ಆ ಕೆಳಗಿನ ಕೆಲಸ ಮಾಡಿದ ಬಾಸ್ ವಾದಕ ಕೀಚೋ ದಿಯಾಸ್ ಅವರನ್ನು ರಾತ್ರಿಯೆಲ್ಲ ಹಾಕಿಕೊಂಡು ಕೇಳುತ್ತಿದ್ದೆ.

ಕೊನೆಗೆ ನನ್ನ ಅರೇಂಜ್‌ಮೆಂಟ್ ಹರಿದು ಹೊಸದಾಗಿ ಬರೆದೆವು. ಡ್ರಮ್ಸ್ ಹೋಯಿತು, ಸ್ವಿಂಗ್ ಹೋಯಿತು. ಮೊದಲ ಭಾಗ ಬರೀ ಬಂದೋನಿಯೋನ್ ಮತ್ತು ಬಾಸ್. ಅವನು ರಾಗವನ್ನು ತಡವಾಗಿ ಎತ್ತಿ, ನಡುವೆ ಅವಸರಿಸಿ, ಕೊನೆಗೆ ಬಂದು ಸೇರುತ್ತಿದ್ದ. ನಾನು ಮಾರ್ಕಾತೋ ಬಿಟ್ಟು ಕದಲಲಿಲ್ಲ. ಪಿಯಾನೋ ಎರಡನೇ ಭಾಗದಲ್ಲಿ ಕಾರ್ಡ್‌ಗಳಿಗೆ ಜಾಜ್ ಬಣ್ಣ ಹಚ್ಚಿತು, ಬಲಗೈಯಲ್ಲಿ ಮಾತ್ರ. ಎಡಗೈ ನನ್ನ ಜೊತೆ. ಆಮೇಲೆ 3-3-2 ಮೇಲೆ ಹದಿನಾರು ಆವರ್ತ ಗಿಟಾರ್‌ಗೆ ಬಿಟ್ಟೆವು, ಬರೆದದ್ದು ಏನೂ ಇಲ್ಲ.

ಜಗಳ ಆದದ್ದು ಮುಕ್ತಾಯಕ್ಕೆ. ಹಳೇ ಟ್ಯಾಂಗೊ ಬಹುಪಾಲು ಎರಡು ಪೆಟ್ಟಿಗೆ ಮುಗಿಯುತ್ತದೆ. ಚಾನ್ ಚಾನ್. ಪಂಚಮದ ಕಾರ್ಡ್, ಆಮೇಲೆ ಷಡ್ಜದ್ದು. ಎರಡನೆಯದು ಎಷ್ಟು ಮೆಲ್ಲಗೆ, ಎಷ್ಟು ತಡವಾಗಿ ಅನ್ನುವುದರಲ್ಲೇ ಒಂದೊಂದು ಆರ್ಕೆಸ್ಟ್ರಾದ ಗುರುತು. ಪಿಯಾನೋದವನಿಗೆ ಅಲ್ಲಿ ಬಣ್ಣಬಣ್ಣದ ಜಾಜ್ ಕಾರ್ಡ್ ಬೇಕು. ಬಂದೋನಿಯೋನ್‌ನವನು, ಚಾನ್ ಚಾನ್ ಇಲ್ಲದಿದ್ದರೆ ನಾನು ಮನೆಗೆ ಹೋಗ್ತೀನಿ ಅಂದ. ಎರಡು ರಿಹರ್ಸಲ್ ಇದರಲ್ಲೇ ಕಳೆದವು.

ಕಾರ್ಯಕ್ರಮದ ರಾತ್ರಿ ಅರವತ್ತು ಜನ ಹಿಡಿಸುವ ಜಾಗದಲ್ಲಿ ನುಡಿಸಿದೆವು. ಮೇಷ್ಟ್ರು ಮೂಲೆಯಲ್ಲಿ ವೈನ್ ಹಿಡಿದು ಕೂತಿದ್ದರು. ಮೊದಲ ಭಾಗಕ್ಕೆ ವಯಸ್ಸಾದ ಒಂದು ಜೋಡಿ ಎದ್ದು ಕುಣಿಯಿತು. ಗಿಟಾರ್ ಸೋಲೋ ಬಂದಾಗ ಅವರು ನಿಂತರು, ಆದರೆ ಹೋಗಿ ಕೂರಲಿಲ್ಲ. ಕೈ ಹಿಡಿದೇ ಕಾದರು. ರಾಗ ಮರಳಿದಾಗ ಮತ್ತೆ ಹೆಜ್ಜೆ ಹಾಕಿದರು. ಮೊದಲ ಚಾನ್ ಐವರೂ ಸೇರಿ ಹೊಡೆದೆವು, ಪಿಯಾನೋದವನು ತನ್ನ ಬಣ್ಣವನ್ನೆಲ್ಲ ಅದರಲ್ಲೇ ಸುರಿದ. ಎರಡನೆಯದನ್ನು ನನಗೊಬ್ಬನಿಗೇ ಬಿಟ್ಟಿದ್ದರು. ಕಮಾನು ಕೆಳಗಿಟ್ಟು, ಅವರಿಬ್ಬರ ಕಾಲು ನಿಲ್ಲುವವರೆಗೆ ಕಾದು, ಬೆರಳಿನಿಂದ ಮೆಲ್ಲಗೆ ಮೀಟಿದೆ.