ದುಡ್ಡು ಕೊಡಿ ಅನ್ನೋದು ಬಿಟ್ಟು, ಕೇಳಿಕೊಡಿ ಅಂದೆವು

ಮಕ್ಕಳಿಗೆ ಕಥೆಪುಸ್ತಕ ತಲುಪಿಸುವ ಸಣ್ಣ ಸಂಸ್ಥೆ ನಮ್ಮದು. ಹಣ ಹೊಂದಿಸೋದು ನನ್ನ ಕೆಲಸ. ಚಿಕ್ಕ ವಯಸ್ಸಿನವರ ಹತ್ತಿರ ದುಡ್ಡೆಲ್ಲಿದೆ, ಅವರನ್ನು ಕೇಳಿ ಏನು ಪ್ರಯೋಜನ ಅನ್ನೋ ಮಾತು ನಮ್ಮ ಸಭೆಗಳಲ್ಲಿ ಆಗಾಗ ಬರುತ್ತಿತ್ತು. ಒಂದೇ ಸಲ ದೊಡ್ಡ ಮೊತ್ತ ಅವರು ಕೊಡಲ್ಲ, ನಿಜ. ಆದರೆ ಗೆಳೆಯರಿಂದ ಕೊಡಿಸುತ್ತಾರೆ. ಅದು ನಮಗೆ ಜಾಸ್ತಿ ಉಪಯೋಗಕ್ಕೆ ಬಂತು.

ಮೊದಲು ಕೈ ಹಾಕಿದ್ದು ಆನ್‌ಲೈನ್ ಫಾರಂಗೆ. ವಿಳಾಸ, ಉದ್ಯೋಗ, ನಮ್ಮ ಬಗ್ಗೆ ಹೇಗೆ ಗೊತ್ತಾಯಿತು, ಎಲ್ಲ ಕೇಳುತ್ತಿದ್ದೆವು. ಬಸ್ಸಿನಲ್ಲಿ ನಿಂತುಕೊಂಡು ಒಂದೇ ಕೈಯಲ್ಲಿ ಫೋನ್ ಹಿಡಿದವರು ಇಷ್ಟೆಲ್ಲ ಯಾಕೆ ತುಂಬುತ್ತಾರೆ? ರಸೀದಿಗೆ ಬೇಕಾದಷ್ಟು ಮಾತ್ರ ಉಳಿಸಿ ಮಿಕ್ಕಿದ್ದನ್ನು ತೆಗೆದೆವು. 2010ರ ಹೈಟಿ ಭೂಕಂಪದ ಹೊತ್ತಿಗೆ ಅಮೆರಿಕನ್ ರೆಡ್ ಕ್ರಾಸ್‌ಗೆ ಒಂದು ಎಸ್ಸೆಮ್ಮೆಸ್ ಕಳಿಸಿದರೆ 10 ಡಾಲರ್ ಫೋನ್ ಬಿಲ್ಲಿಗೆ ಸೇರುತ್ತಿತ್ತು, ಅಷ್ಟೇ ಕೆಲಸ. ಹಾಗೆ ಸೇರಿದ್ದು 3 ಕೋಟಿ ಡಾಲರ್‌ಗೂ ಹೆಚ್ಚು.

ಆಮೇಲೆ ಹುಟ್ಟುಹಬ್ಬ. ಇದು ನಮ್ಮ ತಲೆಯಿಂದ ಬಂದಿದ್ದಲ್ಲ. ಕುಡಿಯುವ ನೀರಿಗಾಗಿ ಕೆಲಸ ಮಾಡುವ 'ಚಾರಿಟಿ: ವಾಟರ್' ಸಂಸ್ಥೆಯ ಸ್ಕಾಟ್ ಹ್ಯಾರಿಸನ್ ತನ್ನ 32ನೇ ಹುಟ್ಟುಹಬ್ಬಕ್ಕೆ ಉಡುಗೊರೆ ಬೇಡ, 32 ಡಾಲರ್ ಕೊಡಿ ಅಂತ ಕೇಳಿದ್ದರು. ನಾವೂ ಹುಟ್ಟುಹಬ್ಬಕ್ಕೆ ಹೀಗೆ ಕೇಳೋಕೆ ಅಂತ ಪ್ರತಿ ಸ್ವಯಂಸೇವಕರಿಗೆ ಅವರದೇ ಹೆಸರಿನ ಒಂದು ವೆಬ್ ಪುಟ ಮಾಡಿಕೊಟ್ಟೆವು. ಇಲ್ಲಿ ಒಂದು ಗುಟ್ಟಿದೆ. ಸೊನ್ನೆ ತೋರಿಸುವ ಪುಟಕ್ಕೆ ಯಾರೂ ಮೊದಲು ಹಾಕಲ್ಲ. ಹಾಗಾಗಿ ಪುಟ ತೆರೆದವರು ಮೊದಲು ತಾವೇ ಒಂದಿಷ್ಟು ಹಾಕಬೇಕು, ಆಮೇಲೆ ತೀರಾ ಹತ್ತಿರದ ನಾಲ್ಕೈದು ಜನಕ್ಕೆ ಒಬ್ಬೊಬ್ಬರಿಗೇ ಹೆಸರು ಹಿಡಿದು ಮೆಸೇಜ್ ಮಾಡಬೇಕು, ಸ್ಟೇಟಸ್‌ಗೆ ಹಾಕೋದು ಅದೆಲ್ಲ ಆದಮೇಲೆ. ಗುಂಪಿಗೆ ಕಳಿಸಿದ ಲಿಂಕ್‌ಗೆ ಎಲ್ಲರೂ ಹೆಬ್ಬೆರಳು ಎತ್ತಿ ತೋರಿಸುತ್ತಾರೆ, ದುಡ್ಡು ಬರಲ್ಲ. ಬರೆದುಕೊಡಿ ಅಂತ ಕೇಳುವವರಿಗೂ ನಾವು ಮಾತು ಬರೆದುಕೊಡುತ್ತಿರಲಿಲ್ಲ. ನಮ್ಮ ಭಾಷೆಯಲ್ಲಿ ಹೋದರೆ ಅದು ಪಾಂಪ್ಲೆಟ್ ಥರ ಇರುತ್ತೆ ಅಲ್ವಾ.

ನಮಗೂ ಒಂದು 'ಐಸ್ ಬಕೆಟ್ ಚಾಲೆಂಜ್' ಬೇಕು ಅನ್ನುವವರು ಎಲ್ಲ ಕಡೆ ಇರುತ್ತಾರೆ. ತಲೆ ಮೇಲೆ ಐಸ್ ನೀರು ಸುರಿದುಕೊಂಡು ವಿಡಿಯೋ ಹಾಕಿ, ನೀವೂ ಮಾಡಿ ಅಂತ ಗೆಳೆಯರಿಗೆ ಸವಾಲು ಹಾಕೋದು ಅದು. 2014ರಲ್ಲಿ ಅದರಿಂದ ಎಎಲ್‌ಎಸ್ ಅನ್ನೋ ನರಗಳ ಕಾಯಿಲೆಗಾಗಿ ಕೆಲಸ ಮಾಡುವ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ ಸುಮಾರು 11.5 ಕೋಟಿ ಡಾಲರ್ ಬಂತು. ಆದರೆ ಅದು ಆ ಸಂಸ್ಥೆಯವರು ಕೂತು ಪ್ಲಾನ್ ಮಾಡಿದ್ದಲ್ಲ. ವೈರಲ್ ಆಗುತ್ತೆ ಅಂತ ನಂಬಿ ಬಜೆಟ್ ಬರೆಯೋಕಾಗಲ್ಲ.

ದುಡ್ಡು ಬಂದಮೇಲಿನ ಕೆಲಸವೇ ಹೆಚ್ಚು. ಥ್ಯಾಂಕ್ಸ್ ಕಾರ್ಡಿಗಿಂತ ನಮ್ಮಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಪುಸ್ತಕದ ಹಿಂಬದಿಯ ಚೀಟಿಯ ಫೋಟೋ. ಯಾವಾಗ ಯಾರು ಒಯ್ದರು ಅಂತ ಮಕ್ಕಳೇ ಸೊಟ್ಟಸೊಟ್ಟ ಅಕ್ಷರದಲ್ಲಿ ಬರೆದಿರುತ್ತಾರೆ. ಹೆಸರು ಮಸುಕು ಮಾಡಿ ಕಳಿಸುತ್ತೇವೆ. ಮಕ್ಕಳ ಮುಖ ಹಾಕಲ್ಲ, ಅಳುವ ಫೋಟೋ ಅಂತೂ ಬೇಡವೇ ಬೇಡ. ಇದನ್ನು ಚಿಕ್ಕ ವಯಸ್ಸಿನ ದಾನಿಗಳೇ ಮೊದಲು ಹೇಳಿದ್ದು.

ಇನ್ನು ತಿಂಗಳ ಕೊಡುಗೆ. ಬೇಜಾರಾಗಿ ನಿಲ್ಲಿಸುವವರಷ್ಟೇ ಅಲ್ಲ, ಕಾರ್ಡ್ ಅವಧಿ ಮುಗಿದು ತಾನಾಗೇ ನಿಂತುಹೋಗುವವರೂ ಇರುತ್ತಾರೆ, ಎಷ್ಟೋ ಸಲ ಅವರಿಗೇ ಅದು ಗೊತ್ತಿರಲ್ಲ. ಹಾಗಾಗಿ ಪೇಮೆಂಟ್ ಫೇಲ್ ಆದ ಪಟ್ಟಿಯನ್ನು ಪ್ರತಿ ವಾರ ನೋಡುತ್ತೇನೆ. ಒಂದು ಸಾಲಿನ ಮೆಸೇಜ್ ಹೋಗುತ್ತೆ, ಅದರಲ್ಲೇ ಕಾರ್ಡ್ ಬದಲಿಸುವ ಲಿಂಕ್, ಪಕ್ಕದಲ್ಲೇ ನಿಲ್ಲಿಸುವ ಲಿಂಕ್ ಕೂಡ. ನಿಲ್ಲಿಸೋದನ್ನು ಯಾಕೆ ಇಷ್ಟು ಸುಲಭ ಮಾಡಿದ್ದೀರಿ ಅಂತ ನಮ್ಮ ಖಜಾಂಚಿ ಈಗಲೂ ಕೇಳುತ್ತಾರೆ. ನಿಲ್ಲಿಸಿದವರಲ್ಲಿ ಕೆಲವರು ಕೆಲಸ ಸಿಕ್ಕಮೇಲೆ ವಾಪಸ್ ಬಂದಿದ್ದಾರೆ, ಆ ಪಟ್ಟಿಯನ್ನು ಅವರಿಗೆ ತೋರಿಸುತ್ತೇನೆ.